ಹಾರ್ಮೋನಿಗೆ ‘ಪ್ರತಿರೋಧ’ವೋ, ‘ಓಗೊಡದಿರುವಿಕೆ’ಯೋ?

ಗೆಳೆಯರಿಗೆ ನಮಸ್ಕಾರ.

ದೀರ್ಘಕಾಲದ ಹೃದಯ ವೈಫಲ್ಯದ ಬಗ್ಗೆ, ರೋಗಿಗಳ ಮನೆಯವರು ಓದಲೆಂದು ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ನಾಲ್ಕು ದಿನಗಳಿಂದ ‘ರೆಸಿಸ್ಟೆನ್ಸ್’ ಎಂಬ ಒಂದೇ ಪದಕ್ಕೆ ಕನ್ನಡ ಹುಡುಕುತ್ತ ಕುಳಿತಿದ್ದೇನೆ.

ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನು ಆಗಾಗ, ಗಾಢ ನಿದ್ದೆಯಲ್ಲಿ ಹೆಚ್ಚಾಗಿ, ಸ್ರವಿಸುತ್ತದೆ. ಅದು ತಲುಪಿದಾಗ ಯಕೃತ್ತು ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ತಯಾರಿಸುತ್ತದೆ. ಸ್ನಾಯುಗಳನ್ನು ಕಾಯುವುದರಲ್ಲಿ ಅದರ ಪಾಲು ದೊಡ್ಡದು. ಹೃದಯ ವೈಫಲ್ಯದಿಂದ ಮೈ ಸೊರಗಿದವರಲ್ಲಿ ಬೆಳವಣಿಗೆಯ ಹಾರ್ಮೋನು ರಕ್ತದಲ್ಲಿ ಹೆಚ್ಚಿದ್ದರೂ ಐಜಿಎಫ್-1 ಅದಕ್ಕೆ ತಕ್ಕಂತೆ ಏರದಿರುವುದುಂಟು. ವೈದ್ಯರು ಇದನ್ನೇ ‘ರೆಸಿಸ್ಟೆನ್ಸ್’ ಎನ್ನುತ್ತಾರೆ.

ಆ ಸೊರಗು ಎಂಥದೆಂದು ಕಂಡಿದ್ದೇನೆ. ನನ್ನ ತಂದೆಯವರ ಕೊನೆಯ ವರ್ಷ ಊದಿದ ಪಾದಕ್ಕೆ ಚಪ್ಪಲಿ ಹಿಡಿಸುತ್ತಿರಲಿಲ್ಲ, ಬೆರಳಿನ ಉಂಗುರ ಮಾತ್ರ ಜಾರಿ ಬೀಳುತ್ತಿತ್ತು. ಅಮ್ಮ ಅದಕ್ಕೆ ದಾರ ಸುತ್ತಿಕೊಟ್ಟಿದ್ದರು. ತೂಕದ ಯಂತ್ರ ತೋರಿಸುತ್ತಿದ್ದುದು ಅದೇ ಹಳೆಯ ಅಂಕಿ: ಮಾಂಸ ಕರಗಿದ ಜಾಗವನ್ನು ನೀರು ತುಂಬಿತ್ತು.

ಪತ್ರಿಕೆಗಳಲ್ಲಿ ‘ಇನ್ಸುಲಿನ್ ಪ್ರತಿರೋಧ’ ಎಂಬ ಬಳಕೆ ಇದೆ. ಅದೇ ಜಾಡಿನಲ್ಲಿ ‘ಬೆಳವಣಿಗೆ ಹಾರ್ಮೋನ್ ಪ್ರತಿರೋಧ’ ಎಂದು ಬರೆದು ಅತ್ತಿಗೆಗೆ ಓದಲು ಕೊಟ್ಟೆ. “ಪ್ರತಿರೋಧ ಇದ್ದರೆ ಒಳ್ಳೆಯದೇ ಅಲ್ಲವೇ?” ಎಂದು ಕೇಳಿದರು. ‘ರೋಗನಿರೋಧಕ ಶಕ್ತಿ’ ಎಂಬ ಮಾತಿಗೆ ನಮ್ಮ ಕಿವಿ ಅಷ್ಟು ಒಗ್ಗಿದೆ. ಮೇಲಾಗಿ, ಪ್ರತಿರೋಧವೆಂದರೆ ಎದುರು ನಿಲ್ಲುವ ಛಲ. ಇಲ್ಲಿ ಯಕೃತ್ತು ಯಾರೊಡನೆಯೂ ಹೋರಾಡುತ್ತಿಲ್ಲ. ಕೂಗು ಬಂದರೂ ‘ಓ’ ಎನ್ನಲು ಅದಕ್ಕೆ ತ್ರಾಣವಿಲ್ಲ.

1905ರಲ್ಲಿ ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಸ್ಟಾರ್ಲಿಂಗ್ ‘ಹಾರ್ಮೋನ್’ ಪದವನ್ನು ಬಳಕೆಗೆ ತಂದಾಗ ಆಧಾರವಾಗಿದ್ದುದು ‘ಎಬ್ಬಿಸು, ಹುರಿದುಂಬಿಸು’ ಎಂಬರ್ಥದ ಗ್ರೀಕ್ ಕ್ರಿಯಾಪದ. ಎಬ್ಬಿಸುವ ದನಿ ಇದೆ, ಏಳುವವರಿಲ್ಲ. ಹಾಗಾಗಿ ನನ್ನ ಮನಸ್ಸು ‘ಓಗೊಡು’ ಕಡೆಗೆ ವಾಲಿದೆ: “ಹಾರ್ಮೋನಿಗೆ ಯಕೃತ್ತು ಓಗೊಡುತ್ತಿಲ್ಲ.” ವಾಕ್ಯದಲ್ಲಿ ಚೆನ್ನಾಗಿ ಕೂರುತ್ತದೆ, ನಾಮಪದ ಮಾಡಿದರೆ ‘ಓಗೊಡದಿರುವಿಕೆ’ ಎಂದು ಉದ್ದವಾಗುತ್ತದೆ. ‘ಮಣಿಯದಿರುವಿಕೆ’ಯಲ್ಲಿ ಸೊಕ್ಕಿನ ಛಾಯೆಯಿದೆ. ‘ಸ್ಪಂದನಹೀನತೆ’ಯನ್ನು ಹೃದಯದ ಪುಸ್ತಕದಲ್ಲಿ ಬರೆಯಲು ಭಯವಾಗುತ್ತದೆ, ಬಡಿತವೇ ನಿಂತಿತೆಂದು ಓದುಗರು ತಿಳಿದಾರು.

ಕರಾವಳಿಯ ಮತ್ತು ಉತ್ತರ ಕರ್ನಾಟಕದ ಮಿತ್ರರನ್ನು ವಿಶೇಷವಾಗಿ ಕೇಳುತ್ತಿದ್ದೇನೆ: ನಿಮ್ಮ ಮನೆಯ ಹಿರಿಯರಿಗೆ ‘ಓಗೊಡು’ ಓದಿದೊಡನೆ ತಿಳಿಯುತ್ತದೆಯೇ? ಕೂಗಿದರೂ ಉತ್ತರ ಬಾರದಿರುವುದಕ್ಕೆ ನಿಮ್ಮಲ್ಲಿ ಇದಕ್ಕಿಂತ ಚಿಕ್ಕ ಮಾತು ಇದೆಯೇ?