ಬರ್ಮಾ ತೇಗ ಈಗಲೂ ಬರುತ್ತಿದೆಯಾ? ಅಂಗಡಿಯಲ್ಲಿ ಕೊಡುತ್ತಿರುವುದು ಯಾವುದು?

ಸುಮಾ_ಹಾಸನ:
ಹಾಸನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮುಂಬಾಗಿಲಿಗೆ ತೇಗವೇ ಆಗಬೇಕು ಅಂತ ಅತ್ತೆಯವರ ಹಠ. ಒಂದು ಅಂಗಡಿಯಲ್ಲಿ ‘ಒರಿಜಿನಲ್ ಬರ್ಮಾ’ ಅಂತ ಘನ ಅಡಿಗೆ 4,800 ರೂಪಾಯಿ ಹೇಳಿದರು. ಪಕ್ಕದಲ್ಲೇ ಘಾನಾ ತೇಗ ಇತ್ತು, ಅದಕ್ಕೆ ಹೆಚ್ಚುಕಡಿಮೆ ಅರ್ಧ ರೇಟು. ನಮ್ಮ ಆಚಾರಿ ನೋಡಿದರೆ ‘ಬರ್ಮಾದಿಂದ ಮರ ಬರೋದು ನಿಂತು ಹತ್ತು ವರ್ಷದ ಮೇಲಾಯ್ತಮ್ಮ’ ಅನ್ನುತ್ತಾರೆ. ಯಾರನ್ನ ನಂಬೋದು? ಬಾಗಿಲ ಕಟ್ಟು 5×4 ಇಂಚಿನದು ಬೇಕು.

ಸಾಮಿಲ್_ಶಿವಮೊಗ್ಗ:
ಮೇಡಂ, ನಿಮ್ಮ ಆಚಾರಿ ಹೇಳಿದ್ದು ದಿಮ್ಮಿಯ ಮಟ್ಟಿಗೆ ಸರಿ. ಕೊಯ್ದ ಮರ ಪೂರ್ತಿ ನಿಂತಿಲ್ಲ.

ಮ್ಯಾನ್ಮಾರ್ (ಅಂದರೆ ಬರ್ಮಾ) ಸರ್ಕಾರ 2014ರ ಏಪ್ರಿಲ್ 1ರಿಂದ ದಿಮ್ಮಿ ರಫ್ತು ಬಂದ್ ಮಾಡಿತು. ಅಲ್ಲಿಯವರೆಗೆ ಅವರ ದಿಮ್ಮಿಗೆ ಭಾರತವೇ ದೊಡ್ಡ ಗಿರಾಕಿ. ಬಂದ್ ಆಗುತ್ತದೆ ಅಂತ ಗೊತ್ತಾದ ಮೇಲೆ ನಮ್ಮ ಆಮದುದಾರರು ಸಿಕ್ಕಿದ್ದನ್ನೆಲ್ಲ ಬಾಚಿ ತಂದು ಗುಡ್ಡೆ ಹಾಕಿಕೊಂಡರು. ಅಪ್ಪನ ಕಾಲದಿಂದ ನಮ್ಮದು ಸಾಮಿಲ್. ಆಗ ಬಂದ ದಿಮ್ಮಿಗಳು ಇನ್ನೂ ಕಣ್ಣಲ್ಲಿವೆ. ತುದಿಯಲ್ಲಿ ಸುತ್ತಿಗೆ ಮುದ್ರೆ, ಒಳಗೆ ಎಣ್ಣೆ ಜಿನುಗುವಂಥ ಕಂದು ಕೆಚ್ಚು (ಮರದ ಒಳಗಿನ ಗಟ್ಟಿ ಭಾಗ), ಗರಗಸ ಇಳಿದರೆ ಇಡೀ ಶೆಡ್ಡಿಗೆ ಹೊಸ ಚಪ್ಪಲಿ ಅಂಗಡಿಯ ವಾಸನೆ.

ಬರ್ಮಾದವರ ಕಡಿಯುವ ಪದ್ಧತಿಯೇ ಬೇರೆ. ಮರದ ಬುಡದಲ್ಲಿ ಸುತ್ತ ತೊಗಟೆ, ಅದರೊಳಗಿನ ಬಿಳಿ ಭಾಗ ಕೆತ್ತಿ ನಿಂತಲ್ಲೇ ಸಾಯಿಸುತ್ತಿದ್ದರು. ಎರಡು ಮೂರು ವರ್ಷ ಹಾಗೇ ಒಣಗಿದ ಮೇಲೆ ಕಡಿದು, ಆನೆಯಿಂದ ಎಳೆಸಿ ಹೊಳೆಗೆ ಬಿಡುತ್ತಿದ್ದರು. ಹಸಿ ತೇಗ ತೇಲುವುದಿಲ್ಲ ನೋಡಿ. (ಮರದ ಜಗಳದಲ್ಲೇ ರಾಜ್ಯ ಕಳೆದುಕೊಂಡ ದೇಶ ಅದು. ಲೆಕ್ಕ ಕೊಡದೆ ಮರ ಸಾಗಿಸಿತು ಅಂತ 1885ರಲ್ಲಿ ಬ್ರಿಟಿಷರ ಬಾಂಬೆ ಬರ್ಮಾ ಕಂಪನಿಗೆ ಅಲ್ಲಿಯ ರಾಜನ ಸರ್ಕಾರ 23 ಲಕ್ಷ ರೂಪಾಯಿ ದಂಡ ಹಾಕಿತು. ಬ್ರಿಟಿಷರು ಅದನ್ನೇ ನೆಪ ಮಾಡಿಕೊಂಡು ದಂಡೆತ್ತಿ ಹೋದರು, ರಾಜನನ್ನ ತಂದು ರತ್ನಗಿರಿಯಲ್ಲಿ ಕೂರಿಸಿದರು.)

2014ರ ನಂತರ ಕೊಯ್ದ ಸೈಜು, ವಿನಿಯರ್ (ಮರದಿಂದ ಸುಲಿದ ತೆಳು ಹಾಳೆ) ಮಾತ್ರ ಹೊರಗೆ ಬಿಡುತ್ತಾರೆ. 2016-17ರಲ್ಲಿ ಒಂದು ವರ್ಷ ಇಡೀ ದೇಶದಲ್ಲಿ ಕಡಿಯುವುದನ್ನೇ ನಿಲ್ಲಿಸಿದರು, ಬಗೋ ಯೋಮಾ ಬೆಟ್ಟಸಾಲಿನಲ್ಲಿ ಹತ್ತು ವರ್ಷಕ್ಕೆ. 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಹಿಡಿಯಿತು. ಅಮೆರಿಕ, ಯುರೋಪ್ ಒಕ್ಕೂಟ ಎರಡೂ ಅಲ್ಲಿಯ ಸರ್ಕಾರಿ ಟಿಂಬರ್ ಸಂಸ್ಥೆ ಮೇಲೆ ನಿರ್ಬಂಧ ಹಾಕಿದವು. ಭಾರತ ಹಾಕಲಿಲ್ಲ. ಹಾಗಾಗಿ ನಿಜವಾದ ಬರ್ಮಾ ತೇಗ ನಮ್ಮಲ್ಲಿಗೆ ಸ್ವಲ್ಪ ಸ್ವಲ್ಪ ಬರುತ್ತದೆ. ಆದರೆ ಊರೂರಿನ ಅಂಗಡಿಗೂ ಸಾಕಾಗುವಷ್ಟು ಬರುತ್ತದೆ ಅಂದರೆ ನಾನಂತೂ ಒಪ್ಪುವುದಿಲ್ಲ.

ಕಾಂಡ್ಲಾ_ಕನ್ನಡಿಗ:
ನಾನಿರುವುದು ಗುಜರಾತಿನ ಕಾಂಡ್ಲಾ ಬಂದರಿನ ಹತ್ತಿರದ ಗಾಂಧಿಧಾಮದಲ್ಲಿ, ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ. ಮೇಲಿನವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ. ಬರ್ಮಾ ದಿಮ್ಮಿ ಹಡಗಿನಲ್ಲಿ ಬಿಡಿಬಿಡಿಯಾಗಿ ಬರುತ್ತಿತ್ತು, ಕ್ರೇನಿನಲ್ಲಿ ಎತ್ತಿ ಇಳಿಸಬೇಕಿತ್ತು. ಈಗ ತೇಗ ಅಂದರೆ ಕಂಟೇನರ್. ಘಾನಾ, ಬೆನಿನ್, ಟಾಂಜಾನಿಯಾ, ಈಕ್ವೆಡಾರ್, ಪನಾಮಾ, ಬ್ರೆಜಿಲ್, ಎಲ್ಲ ಕಡೆಯಿಂದಲೂ ಬರುತ್ತದೆ. ಹೆಚ್ಚಿನದೆಲ್ಲ ನೆಟ್ಟು ಬೆಳೆಸಿದ ಮರ, ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಕಡಿದಿದ್ದು. ಸುತ್ತಳತೆ 60, 70 ಸೆಂಟಿಮೀಟರಿನ ದಿಮ್ಮಿಗಳೇ ಜಾಸ್ತಿ. ದಪ್ಪದ್ದೂ ಬರುತ್ತದೆ, ಅದಕ್ಕೆ ರೇಟು ಬೇರೆ.

ಆಮದು ಮಾಡುವಾಗ ಕಸ್ಟಮ್ಸ್‌ಗೆ ಕೊಡುವ ಬಿಲ್ ಆಫ್ ಎಂಟ್ರಿಯಲ್ಲಿ ಮೂಲ ದೇಶ ಯಾವುದು ಅಂತ ಬರೆದಿರುತ್ತದೆ. ಚಿಲ್ಲರೆ ಅಂಗಡಿಯವರು ತೋರಿಸುವುದು ಕಷ್ಟ, ಆದರೂ ಕೇಳಿ. ಕೇಳಿದ ಕೂಡಲೇ ರೇಟು ಇಳಿದರೆ ಅರ್ಥ ಆಯಿತಲ್ಲ!

ಪ್ಲೈವುಡ್_ಮಂಜು:
ಪ್ಲೈವುಡ್ಡಿನಲ್ಲೂ ಇದೇ ಕತೆ. ಮೊದಲು ಮೇಲ್ಪದರ ಅಂದರೆ ಬರ್ಮಾದ ಗರ್ಜನ್ ಮರ. ಈಗ ಕೇಳಿದರೆ ಆಫ್ರಿಕಾದ ಗ್ಯಾಬನ್ನಿನ ಒಕುಮೆ ಮರ ತೋರಿಸುತ್ತಾರೆ. ಗ್ಯಾಬನ್ 2010ರಲ್ಲೇ ದಿಮ್ಮಿ ಹೊರಗೆ ಬಿಡುವುದನ್ನ ನಿಲ್ಲಿಸಿತು. ಅಲ್ಲೇ ಫ್ಯಾಕ್ಟರಿಯಲ್ಲಿ ವಿನಿಯರ್ ಸುಲಿದು ಕಳಿಸುತ್ತಾರೆ.

ಸುಮಾ_ಹಾಸನ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಘಾನಾ ತಗೊಂಡರೆ ತಪ್ಪಿಲ್ಲ ಅಲ್ವಾ? ಬರ್ಮಾ ಅಂತ ತೋರಿಸಿದ್ದನ್ನ ಪರೀಕ್ಷೆ ಮಾಡೋದು ಹೇಗೆ?

ಸಾಮಿಲ್_ಶಿವಮೊಗ್ಗ:
ಘಾನಾ ಕೆಟ್ಟದ್ದಲ್ಲ ಮೇಡಂ. ಕಿಟಕಿ ಕಟ್ಟಿಗೆ, ಒಳಬಾಗಿಲಿಗೆ ಧಾರಾಳವಾಗಿ ಹಾಕಿಸಿ. ತಕರಾರು ಇರುವುದು ನಿಮ್ಮ 5×4ರಲ್ಲಿ.

ಲೆಕ್ಕ ನೋಡಿ. ಸುತ್ತಳತೆ 70 ಸೆಂಟಿಮೀಟರ್ ಅಂದರೆ ಅಡ್ಡಳತೆ ಒಂಬತ್ತು ಇಂಚಿಗೂ ಕಮ್ಮಿ. ಎರಡೂ ಕಡೆ ಒಂದೊಂದು ಇಂಚು ಬಿಳಿ ಭಾಗ ಹೋದರೆ ಕೆಚ್ಚು ಉಳಿಯುವುದು ಏಳು ಇಂಚಿನೊಳಗೆ. 5×4ರ ತುಂಡು ಮೂಲೆಯಿಂದ ಮೂಲೆಗೆ ಆರೂವರೆ ಇಂಚಿನ ಹತ್ತಿರ. ಅಂದರೆ ಇಡೀ ದಿಮ್ಮಿಗೆ ಒಂದೇ ತುಂಡು, ಅದರ ಹೊಟ್ಟೆಯಲ್ಲಿ ನಡು ತಿರುಳು. ದಿಮ್ಮಿ ಸ್ವಲ್ಪ ಸೊಟ್ಟ ಇದ್ದರೆ ಮೂಲೆಯಲ್ಲಿ ಬಿಳಿಯೂ ಬರುತ್ತದೆ. ಒಣಗುತ್ತಾ ಒಣಗುತ್ತಾ ಅದು ತಿರುಳಿನಿಂದಲೇ ಸೀಳುತ್ತದೆ, ಬಿಳಿಗೆ ಹುಳ ಹೊಡೆಯುತ್ತದೆ. ದಪ್ಪ ದಿಮ್ಮಿಯಲ್ಲಿ ಕೊಯ್ದ ಘಾನಾ ಸಿಕ್ಕಿದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತಗೊಳ್ಳಿ.

ಪರೀಕ್ಷೆಗೆ ತುಂಡಿನ ಉದ್ದಕ್ಕೆ ನೋಡಬೇಡಿ, ಅಲ್ಲಿ ಬಣ್ಣ ಹಚ್ಚಿ ಬಿಳಿಯನ್ನ ಮುಚ್ಚಿರುತ್ತಾರೆ. ತುದಿಯಿಂದ ಅರ್ಧ ಇಂಚು ಕೊಯ್ಯಲು ಹೇಳಿ. ಕೊಯ್ದ ಮುಖವನ್ನ ಉಳಿಯಿಂದ ನಯ ಮಾಡಿ, ನೀರು ಸವರಿ, ಉಂಗುರ ಎಣಿಸಿ. ಇಂಚಿಗೆ ನಾಲ್ಕೈದೇ ಇದ್ದರೆ ಅವಸರದಲ್ಲಿ ಬೆಳೆದ ತೋಟದ ಮರ, ಬರ್ಮಾ ರೇಟು ಕೊಡಬೇಡಿ. ಕಾಡಿನ ಮರದಲ್ಲಿ ಸಾಮಾನ್ಯವಾಗಿ ಒತ್ತೊತ್ತಾಗಿರುತ್ತವೆ. ಆದರೆ ಒತ್ತಾಗಿದ್ದ ಮಾತ್ರಕ್ಕೆ ಬರ್ಮಾ ಅಂತಲೂ ಅಲ್ಲ. ದಾಂಡೇಲಿ ಕಾಡಿನ ತೇಗವೂ ಹಾಗೇ ಇರುತ್ತದೆ. ಅರಣ್ಯ ಇಲಾಖೆ ಡಿಪೋ ಹರಾಜಿನಲ್ಲಿ ತೇಗ ಹಿಡಿಯುವ ಸಾಮಿಲ್‌ನವರನ್ನ ವಿಚಾರಿಸಿ. ಒಂದು ಬಾಗಿಲಿಗೆ ಬೇಕಾದಷ್ಟನ್ನ ಕೊಯ್ದು ಕೊಡುತ್ತಾರೆ.