ಸಹಿ ಇರುವ ಕಂಚಿನ ಸಿಂಹ: ಹರಾಜಿನಲ್ಲಿ ಕೂಗಬಹುದಾ?

ಪ್ರಶ್ನೆ: ನಮಸ್ಕಾರ ಸರ್, ನಾವು ಫ್ರಾನ್ಸ್‌ನ ಲಿಯಾನ್‌ನಲ್ಲಿದ್ದೇವೆ. ಇಲ್ಲಿ ಒಂದು ಹರಾಜಿಗೆ ನಡೆಯುವ ಸಿಂಹದ ಕಂಚಿನ ಮೂರ್ತಿ ಬಂದಿದೆ, ಉದ್ದ ಸುಮಾರು 40 ಸೆಂಟಿಮೀಟರ್. ಪೀಠದ ಮೇಲೆ ‘ಬಾರೀ’ ಅಂತ ಸಹಿ, ಪಕ್ಕದಲ್ಲಿ ‘ಎಫ್. ಬಾರ್ಬೆದಿಯೆನ್’ ಅಂತಲೂ ಇದೆ. ಕ್ಯಾಟಲಾಗ್‌ನಲ್ಲಿ ಮಾತ್ರ ‘ದಾಪ್ರೆ ಬಾರೀ’, ಅಂದರೆ ‘ಬಾರೀ ಕೃತಿಯನ್ನು ಅನುಸರಿಸಿ ಮಾಡಿದ್ದು’ ಅಂತ ಬರೆದಿದ್ದಾರೆ. ಸಹಿ ಇದ್ದ ಮೇಲೆ ಅಸಲಿಯೇ ಅಲ್ವಾ?

ಉತ್ತರ: ಮೇಡಂ, ಸಹಿ ನಂಬಿ ಕೂಗಬೇಡಿ. ಸಹಿ ಮೂಲ ಮಾದರಿಯಲ್ಲೇ ಇರುತ್ತದೆ, ಹಾಗಾಗಿ ಎಷ್ಟು ಎರಕ ಹೊಯ್ದರೂ ಜೊತೆಗೇ ಬರುತ್ತದೆ, ನಕಲು ಮಾಡಿದವನ ಎರಕದಲ್ಲೂ ಬರುತ್ತದೆ.

ಆಂಟ್ವಾನ್ ಲೂಯಿ ಬಾರೀ (1795–1875) ಪ್ರಾಣಿಗಳ ಶಿಲ್ಪದಲ್ಲಿ ಬಹಳ ದೊಡ್ಡ ಹೆಸರು. ಅವರು ತೀರಿಕೊಂಡ ಮೇಲೆ, 1876ರಲ್ಲಿ, ಅವರ ಮಾದರಿಗಳು ಪ್ಯಾರಿಸ್‌ನಲ್ಲಿ ಹರಾಜಾದವು. ಬಹಳಷ್ಟನ್ನು ಬಾರ್ಬೆದಿಯೆನ್ ಎರಕದ ಕಾರ್ಖಾನೆಯವರು ಕೊಂಡು, ಮುಂದೆ ಅನೇಕ ವರ್ಷ ಎರಕ ಹೊಯ್ದು ಮಾರಿದರು. ಅದು ನಕಲಿ ಅಲ್ಲ, ಕೆಲಸವೂ ಒಳ್ಳೆಯದೇ. ಆದರೆ ಬಾರೀ ಬದುಕಿದ್ದಾಗ ಅವರ ಕಣ್ಣೆದುರು ಆದ ಎರಕಕ್ಕೆ ಸಿಗುವ ಬೆಲೆ ಸಾಮಾನ್ಯವಾಗಿ ಇದಕ್ಕೆ ಸಿಗುವುದಿಲ್ಲ.

ನಿಜವಾದ ಭಯ ಬೇರೆ. ಸಿದ್ಧವಾದ ಕಂಚಿನ ಮೂರ್ತಿಯಿಂದಲೇ ಅಚ್ಚು ತೆಗೆದು ಹೊಯ್ದ ನಕಲುಗಳಿವೆ. ಕಂಚು ತಣ್ಣಗಾಗುವಾಗ ಕುಗ್ಗುತ್ತದೆ, ಆದ್ದರಿಂದ 40 ಸೆಂಟಿಮೀಟರ್ ಇರಬೇಕಾದ್ದು ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಚಿಕ್ಕದಾಗಿರುತ್ತದೆ. ಮ್ಯೂಸಿಯಂ ಪ್ರತಿಯ ಅಳತೆ ಹುಡುಕಿ ಹೋಲಿಸಿ. ಕೇಸರದ ಕೂದಲು, ಪಂಜ, ಕಣ್ಣಿನ ಅಂಚು ದಿಟ್ಟಿಸಿ ನೋಡಿ. ಒಳ್ಳೆ ಎರಕದಲ್ಲಿ ಉಳಿ ಆಡಿಸಿದ ಗೆರೆ ಚುರುಕಾಗಿ ಕಾಣುತ್ತದೆ, ನಕಲಿನಲ್ಲಿ ಎಲ್ಲವೂ ಮೊಂಡಾಗಿ, ಸೋಪು ಕರಗಿದ ಹಾಗೆ ಇರುತ್ತದೆ.

ಇನ್ನು ‘ದಾಪ್ರೆ’. 1981ರ ಫ್ರೆಂಚ್ ಸರ್ಕಾರಿ ಆದೇಶದ ಪ್ರಕಾರ ಆ ಪದ ಹಾಕಿದರೆ ಕಲಾವಿದನ ಬಗ್ಗೆಯಾಗಲಿ ಕಾಲದ ಬಗ್ಗೆಯಾಗಲಿ ವಿಶೇಷ ಗ್ಯಾರಂಟಿ ಇಲ್ಲ. ಬಾರ್ಬೆದಿಯೆನ್ ಎರಕಕ್ಕೂ ಹಾಗೆ ಬರೆಯುವುದುಂಟು, ಅದಕ್ಕೇ ಕೆಟ್ಟದ್ದು ಅಂತ ಬಿಟ್ಟುಬಿಡಬೇಡಿ. ಇದು ಬಾರ್ಬೆದಿಯೆನ್ ಎರಕವೇ, ಯಾವ ಕಾಲದ್ದು ಅಂತ ಹರಾಜಿನವರಿಂದ ಬರಹದಲ್ಲಿ ಕೇಳಿ. ಮೂರ್ತಿಯ ತಳದ ಫೋಟೋ ಕೂಡ ತರಿಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ಅಯಸ್ಕಾಂತ ಹಿಡಿದರೆ ಕಂಚು ಹೌದೋ ಅಲ್ಲವೋ ಗೊತ್ತಾಗಲ್ವಾ?

ಉತ್ತರ: ಕಬ್ಬಿಣ ಅಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ಆ ಕಾಲದಲ್ಲಿ ಸತುವಿನ ಮಿಶ್ರಲೋಹದಲ್ಲಿ ಹೊಯ್ದು ಕಂಚಿನ ಬಣ್ಣ ಕೊಟ್ಟ ಅಗ್ಗದ ಮೂರ್ತಿಗಳೂ ತುಂಬಾ ಬಂದವು. ಅಯಸ್ಕಾಂತ ಅದಕ್ಕೂ ಅಂಟುವುದಿಲ್ಲ. ತಳದಲ್ಲಿ ಹಳೆಯ ಗೀರು ಇದ್ದರೆ ನೋಡಿ: ಹೊಂಬಣ್ಣ ಕಂಡರೆ ಕಂಚು, ಬೆಳ್ಳಗೆ ಬೂದು ಬಣ್ಣ ಕಂಡರೆ ಸತು. ನೀವೇ ಗೀರಲು ಹೋಗಬೇಡಿ, ಅದು ಇನ್ನೊಬ್ಬರ ವಸ್ತು.

ಪ್ರಶ್ನೆ (ಮೊದಲು ಕೇಳಿದವರು): ಧನ್ಯವಾದ ಸರ್. ಅಕಸ್ಮಾತ್ ನಮಗೇ ಸಿಕ್ಕಿದರೆ ತೊಳೆಯೋದು ಹೇಗೆ? ತುಂಬಾ ಕಪ್ಪಾಗಿದೆ.

ಉತ್ತರ: ದಯವಿಟ್ಟು ಹುಣಸೆಹಣ್ಣು, ನಿಂಬೆ, ಪಾಲಿಶ್ ಯಾವುದನ್ನೂ ಹಚ್ಚಬೇಡಿ! ಆ ಕಡುಬಣ್ಣ ಕೊಳೆ ಅಲ್ಲ, ಲೋಹ ಕಾಯಿಸಿ ರಾಸಾಯನಿಕ ಹಚ್ಚಿ ಬೇಕಂತಲೇ ಬರಿಸಿದ್ದು. ದೇವರ ಮನೆಯ ಹಿತ್ತಾಳೆಯಂತೆ ಇದನ್ನು ಹೊಳೆಯಿಸಿದರೆ ಬೆಲೆ ಬಿದ್ದುಹೋಗುತ್ತದೆ. ಒಣ ಮೃದು ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಕೂಗುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ, ಸುತ್ತಿಗೆ ಬಿದ್ದ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಬೇರೆ ಇರುತ್ತದೆ, ಅದು ಎಷ್ಟೋ ಕಡೆ 25% ಅಥವಾ ಜಾಸ್ತಿ. ತಳದ ಫೋಟೋ ಬಂದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.