‘ಸಮನ್’: ಆಹ್ವಾನವೋ, ಆವಾಹನೆಯೋ, ಕರೆಸುವುದೋ?

ಪ್ರಶ್ನೆ (ಡೊಂಬಿವಲಿ): ‘ಸಮನರ್ಸ್ ವಾರ್’ ಮೊಬೈಲ್ ಆಟದ ಕೈಪಿಡಿಯನ್ನು ಮುಂಬಯಿಯ ಕನ್ನಡ ಮಕ್ಕಳಿಗಾಗಿ ಕನ್ನಡಕ್ಕೆ ತರುತ್ತಿದ್ದೇವೆ. ಆಟಗಾರ ಹೊಸ ‘ಮಾನ್‌ಸ್ಟರ್’ (ಅವನ ಪರ ಕಾದಾಡುವ ಜೀವಿ) ಪಡೆಯುವ ‘ಸಮನ್’ಗೆ ‘ಆಹ್ವಾನಿಸು’ ಆಗಬಹುದೇ? ‘ಅವೇಕನ್’, ‘ಇವಾಲ್ವ್’ ಎರಡಕ್ಕೂ ‘ವಿಕಾಸ’ ಸಾಕೇ? ‘ಮಾನ್‌ಸ್ಟರ್’ಗೆ ‘ಭೂತ’ ಎನ್ನಬಹುದೇ? ಬಲ್ಲವರು ತಿಳಿಸಬೇಕು.

ಉತ್ತರ (ಮುಲುಂಡ್): ‘ಆಹ್ವಾನ’ ಬೇಡ. ಮರಾಠಿ ಶಾಲೆಯಲ್ಲಿ ಓದುವ ಮಕ್ಕಳಿಗೆ ‘ಆವ್ಹಾನ’ ಎಂದರೆ ಸವಾಲು, ‘ಆವಾಹನ’ ಎಂದರೆ ಸಾರ್ವಜನಿಕರಿಗೆ ಮಾಡುವ ಮನವಿ. ‘ಮಾನ್‌ಸ್ಟರನ್ನು ಆಹ್ವಾನಿಸಿ’ ಎಂದು ಬರೆದರೆ ಅದರೊಡನೆ ಕಾದಾಡಬೇಕೆಂದೇ ತಿಳಿದಾರು. ‘ಆವಾಹನೆ’ ಗಂಭೀರವಾದ ಮಾತು, ಆದರೆ ಆಟಕ್ಕೆ ಒಗ್ಗದು. ಪೂಜೆಯಲ್ಲಿ ಯಾರನ್ನು ಆವಾಹಿಸುತ್ತೇವೆಂದು ಮೊದಲೇ ಗೊತ್ತಿರುತ್ತದೆ, ಕೊನೆಗೆ ವಿಸರ್ಜನೆಯೂ ಇದೆ. ಇಲ್ಲಿ ‘ಮಿಸ್ಟಿಕಲ್ ಸ್ಕ್ರೋಲ್’ ಎಂಬ ಸುರುಳಿ ಬಿಚ್ಚಿದರೆ 3ರಿಂದ 5 ನಕ್ಷತ್ರದವರೆಗಿನ (ನಕ್ಷತ್ರವೆಂದರೆ ದರ್ಜೆ) ಬೆಂಕಿ, ನೀರು, ಗಾಳಿಯ ಯಾವ ಮಾನ್‌ಸ್ಟರ್ ಬಂದೀತೆಂದು ಹೇಳಲಾಗದು. ಬಂದದ್ದು ನಮ್ಮಲ್ಲೇ ಉಳಿಯುತ್ತದೆ.

‘ಕರೆಸು’ ಎನ್ನಿ. ಅರಸ ಮಂತ್ರಿಯನ್ನು ಕರೆಸುತ್ತಾನೆ, ಕೋರ್ಟು ಸಮನ್ಸ್ ಕಳಿಸಿ ಸಾಕ್ಷಿಯನ್ನು ಕರೆಸುತ್ತದೆ. ಕರೆಸುವವನ ಅಧಿಕಾರ, ಬರುವವನ ವಿಧೇಯತೆ ಎರಡೂ ಆ ಪದದಲ್ಲಿವೆ. ‘ಸ್ಕ್ರೋಲ್’ಗೆ ‘ಕರೆಯೋಲೆ’ ತಯಾರಾಗಿಯೇ ಇದೆ. ಮದುವೆಯ ನೆನಪು ಬಂದರೂ ಅಡ್ಡಿಯಿಲ್ಲ, ಓಲೆ ಕಳಿಸಿ ಬರಮಾಡಿಕೊಳ್ಳುವುದು ತಾನೇ!

‘ವಿಕಾಸ’ದಲ್ಲಿ ನಿಜವಾದ ಗೊಂದಲವಿದೆ. ಆಟದಲ್ಲಿ ಇವು ಎರಡು ಬೇರೆ ಕೆಲಸ. ‘ಅವೇಕನ್’ಗೆ ‘ಎಸೆನ್ಸ್’ ಎಂಬ ಆಟದ ಸಾಮಗ್ರಿ ಖರ್ಚಾಗುತ್ತದೆ, ನಕ್ಷತ್ರಗಳ ಸಂಖ್ಯೆ ಬದಲಾಗದು, ಬಣ್ಣ ಮಾತ್ರ ನೇರಳೆಯಾಗುತ್ತದೆ, ರೂಪ ಬದಲಾಗಿ ಸ್ವಂತ ಹೆಸರು ಬರುತ್ತದೆ. ಬೆಂಕಿಯ ‘ಇನುಗಾಮಿ’ ಎಂಬ ಮಾನ್‌ಸ್ಟರ್ ‘ರಾಓಕ್’ ಆಗುವುದು ಹೀಗೆ. ಇದಕ್ಕೆ ‘ಎಬ್ಬಿಸು’ ಎನ್ನಿ. ‘ಎಚ್ಚರಿಸು’ ಎಂದರೆ ಇಂದಿನ ಓದುಗರಿಗೆ ಗದರಿಕೆಯೇ ಕೇಳಿಸುತ್ತದೆ. ‘ಇವಾಲ್ವ್’ ಮಾಡಲು 4 ನಕ್ಷತ್ರದ ಮಾನ್‌ಸ್ಟರ್ 30ನೇ ಮಟ್ಟ ಮುಟ್ಟಿರಬೇಕು, ಅದಕ್ಕೆ 4 ನಕ್ಷತ್ರದ ಬೇರೆ ನಾಲ್ಕನ್ನು ಕೊಡಬೇಕು. ಆಗ ಅದು 5 ನಕ್ಷತ್ರದ್ದಾಗಿ ಮತ್ತೆ 1ನೇ ಮಟ್ಟದಿಂದ ಬೆಳೆಯುತ್ತದೆ. ‘ನಕ್ಷತ್ರ ಏರಿಸು’ ಎಂದರೆ ಸಾಕು. ಕೊಟ್ಟ ನಾಲ್ಕೂ ಹೋಗಿಬಿಡುತ್ತವೆ. ಆದ್ದರಿಂದ ‘ತಿನ್ನಿಸು’, ‘ಮೇವು’ ಎಂಬ ಮೆತ್ತನೆ ಮಾತಿಗಿಂತ ‘ಬಲಿ’ ಎಂದೇ ಬರೆಯಿರಿ, ಬೇಕಾದವಕ್ಕೆ ಮೊದಲೇ ಲಾಕ್ ಹಾಕಲು ಪಕ್ಕದಲ್ಲೇ ಸೂಚಿಸಿ.

‘ಭೂತ’ ಖಂಡಿತ ಬೇಡ. ಇಲ್ಲಿನ ಎಷ್ಟೋ ಮನೆಗಳು ತುಳುನಾಡಿನವು. ಪಂಜುರ್ಲಿ, ಜುಮಾದಿ ಅವರಿಗೆ ನೇಮ ಕೊಟ್ಟು ಕೈಮುಗಿಯುವ ದೈವಗಳು. ‘ರಕ್ಕಸ’ ಎಂದರೆ ಆಟದ ಕಿನ್ನರಿ, ಫೀನಿಕ್ಸ್ ಹೊರಗುಳಿಯುತ್ತವೆ. ‘ಮಾನ್‌ಸ್ಟರ್’ ಹಾಗೇ ಇರಲಿ.

ಇನ್ನೊಂದು ಮಾತು (ಪುಣೆ): ‘ಕರೆಸು’ ನನಗೂ ಒಪ್ಪಿಗೆ. ಮಾನ್‌ಸ್ಟರಿನ ಬಲ ಹೆಚ್ಚಿಸುವ ‘ರೂನ್’ ಕಲ್ಲುಗಳನ್ನು ಕೂರಿಸುವ ಆರು ‘ಸ್ಲಾಟ್’ಗಳಿಗೆ ಚೌಕಾಬಾರದ ‘ಮನೆ’ ಬಳಸಬಹುದು. 1, 3, 5ನೇ ಮನೆಗಳ ಮುಖ್ಯ ಗುಣ ಕ್ರಮವಾಗಿ ದಾಳಿ, ರಕ್ಷಣೆ, ಪ್ರಾಣಬಲ ಎಂದು ನಿಗದಿಯಾದದ್ದು. 2, 4, 6ರಲ್ಲಿ ಬೇರೆಬೇರೆ ಬರಬಹುದು, ಆದರೆ ವೇಗ ಮುಖ್ಯ ಗುಣವಾಗಿ ಬರುವುದು 2ನೇ ಮನೆಯಲ್ಲಿ ಮಾತ್ರ. ಒಂದೇ ಬಗೆಯ ರೂನ್‌ಗಳ ‘ಸೆಟ್’ಗೆ ‘ಜೊತೆ’ ಎನ್ನಬೇಡಿ: ‘ಎನರ್ಜಿ’ ಸೆಟ್‌ಗೆ ಎರಡು ರೂನ್ ಸಾಕಾದರೂ ‘ಸ್ವಿಫ್ಟ್’ನ 25% ವೇಗಕ್ಕೆ ನಾಲ್ಕು ಬೇಕು.